ಮಡಿಸಿದ ಮೂಲೆ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಪುಸ್ತಕ ಬೈಂಡರ್ ಅನ್ಸೆಲ್ಮ್ ವೊಜೆಲ್ ತಮ್ಮ ಗಿರಾಕಿ ಡಾಕ್ಟರ್ ಟೆರಾಸ್ ಅವರ ಪುಸ್ತಕದ ಅಂಚನ್ನು ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿದರು. ಅದು 1911ರ ಮಾರ್ಚ್, ಲಿಯೋನ್ ನಗರ.

ಗಿಡಮೂಲಿಕೆಗಳ ಆ ಪುಸ್ತಕ ಎರಡು ಶತಮಾನ ಹಳೆಯದು. ಪುಟಗಳ ಸುತ್ತಲಿನ ಅಗಲವಾದ ಖಾಲಿ ಜಾಗ ನೋಡಿಯೇ ಡಾಕ್ಟರು ಅದನ್ನು ಕೊಂಡಿದ್ದರು. ಹೊಸ ಹೊಲಿಗೆ, ಹೊಸ ಚರ್ಮ ಹಾಕಲು ತಂದಾಗ, ಅಂಚಿನಲ್ಲಿ ಧೂಳು ಹೋಗುವಷ್ಟು ಮಾತ್ರ ತೆಗೆಯಿರಿ ಎಂದಿದ್ದರು.

ಹೊಲಿದವಳು ವೊಜೆಲರ ಮಗಳು ಒಡೀಲ್. ಅಲ್ಲಿನ ಬೈಂಡಿಂಗ್ ಅಂಗಡಿಗಳಲ್ಲಿ ಹೊಲಿಗೆ ಹೆಂಗಸರದು, ಅಂಚು ಕೊಯ್ಯುವ ಕತ್ತಿ ಗಂಡಸರದು. ಹೊಲಿಗೆ ಮುಗಿಸಿ ಅವಳು ರೂಢಿಯಂತೆ ನಡುವಿನ ಒಂದು ಹಾಳೆಯ ಮೂಲೆಯನ್ನು ಒಳಕ್ಕೆ ಮಡಿಸಿದ್ದಳು. ಆ ಮೂಲೆಗೆ ಕತ್ತಿ ತಾಗುವುದಿಲ್ಲ. ಆಮೇಲೆ ಬಿಡಿಸಿದರೆ ಹೊರಚಾಚುವ ಚೂರು, ಎಷ್ಟು ಕಾಗದ ಹೋಯಿತೆಂದು ತೋರಿಸುತ್ತದೆ. ಅದನ್ನು ಸಾಕ್ಷಿ ಎನ್ನುತ್ತಾರೆ. ತಿಳಿದ ಗಿರಾಕಿ ಮೊದಲು ನೋಡುವುದೇ ಅದನ್ನು.

ಒಡೀಲ್ ಮೂಲೆ ಬಿಡಿಸಿದಳು. ಕೂದಲೆಳೆಯಷ್ಟು ಇರಬೇಕಾದ ಚೂರು ಉಗುರಿನಗಲ ಹೊರಗಿತ್ತು.

“ಅಪ್ಪಾ, ಯಾವ ಗುರುತಿಗೆ ಕೊಯ್ದೆ?”

“ಸೂಜಿ ಚುಚ್ಚಿ ಗುರುತು ಮಾಡಿದ್ನಲ್ಲ, ಅದಕ್ಕೇ.”

ಅವಳು ನೆಲದ ಮೇಲಿದ್ದ ಕಾಗದದ ಸಿಪ್ಪೆ ಎತ್ತಿ ಹಿಡಿದಳು. “ನಿನ್ನ ತೂತು ಇಲ್ಲಿದೆ ನೋಡು, ಸಿಪ್ಪೇಲಿ. ನೀನು ಹಿಡಿದದ್ದು ಅದಕ್ಕಿಂತ ಒಳಗೆ ಯಾವುದೋ ಕಾಲದ ಬೈಂಡರು ಚುಚ್ಚಿದ್ದ ತೂತು.”

ವೊಜೆಲ್ ಸಿಪ್ಪೆಯನ್ನು ಕಿಟಕಿಗೆ ಒಡ್ಡಿ, ಹತ್ತಿರ ತಂದು, ದೂರ ಹಿಡಿದು ನೋಡಿದರು. “ಇದ್ರಲ್ಲಿ ತೂತೇ ಇಲ್ವಲ್ಲೇ.”

“ಕಣ್ಣು ತೋರಿಸ್ಕೋ ಅಂತ ಬಡ್ಕೊಂಡೆ.”

“ಮುದುಕನಿಗೆ ಕಣ್ಣು ಹೋಯ್ತಂತೆ ಅಂತ ಬೀದೀಲಿ ಗೊತ್ತಾದ್ರೆ ಹಳೇ ಪುಸ್ತಕ ಯಾರು ತರ್ತಾರೆ?”

“ತಂದೋರಿಗೆ ಏನು ಮಾಡಿ ಕೊಟ್ಟೆ, ಅದನ್ನ ಹೇಳು.”

ಒಡೀಲ್ ಕತ್ತರಿ ತೆಗೆದುಕೊಂಡಳು.

“ಈ ಚೂರು ತೆಗೆದುಬಿಡ್ತೀನಿ. ಡಾಕ್ಟ್ರು ಅಳತೆ ತಗೊಂಡಿಲ್ಲ. ಸಾಕ್ಷಿ ಮಡಿಸೋದು ನಾನೇ ಮರೆತೆ ಅಂತೀನಿ.”

ಅದು ಸುಲಭವಾಗಿತ್ತು. ಒಂದು ಸಲ ಕತ್ತರಿ ಆಡಿಸಿದರೆ ಪುಸ್ತಕವೂ ಅಂಗಡಿಯ ಹೆಸರೂ ನೆಟ್ಟಗೆ ಕಾಣುತ್ತಿದ್ದವು. ವೊಜೆಲ್ ಹೆಬ್ಬೆರಳಿನಿಂದ ಆ ಚೂರನ್ನು ಸವರಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು.

“ನಮ್ಮಪ್ಪನ ಕಾಲದಿಂದ ಇಲ್ಲಿ ಸಾಕ್ಷಿ ಇಲ್ದೆ ಒಂದು ಪುಸ್ತಕ ಹೊರಗೆ ಹೋಗಿಲ್ಲ. ನೀನು ಮರೆಯೋಳಲ್ಲ ಅಂತ ಡಾಕ್ಟ್ರಿಗೂ ಗೊತ್ತು. ಕತ್ತರಿ ಇಡೇ.”

ಡಾಕ್ಟರು ಬಂದದ್ದು ಮುಂದಿನ ವಾರ. ಕಂದು ಬಣ್ಣದ ಆಡಿನ ಚರ್ಮದ ಹೊದಿಕೆಯನ್ನು ಮೆಚ್ಚಿ ಸವರಿದರು. ಆಮೇಲೆ ಸಾಕ್ಷಿ ಹುಡುಕಿ, ಒಡೀಲ್ ಮತ್ತೆ ಮಡಿಸಿಟ್ಟಿದ್ದ ಮೂಲೆ ಬಿಡಿಸಿದರು. ಹೊರಚಾಚಿದ ಚೂರಿಗೆ ಉಗುರು ಒಡ್ಡಿ ಅಳೆದರು.

“ಇದನ್ನ ಕತ್ತರಿಸಿಬಿಟ್ಟಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ, ವೊಜೆಲ್ ಅವರೇ.”

“ಗೊತ್ತಾಗ್ತಿರ್ಲಿಲ್ಲ.”

“ಯಾರ ಕೈ?”

“ನಂದೇ. ಗುರುತು ಕಾಣ್ಲಿಲ್ಲ, ಡಾಕ್ಟ್ರೇ.”

ಡಾಕ್ಟರು ವೊಜೆಲರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. “ಎರಡೂ ಕಣ್ಣಿಗೆ ಪೊರೆ ಬಂದಿದೆ. ಇನ್ನು ಕತ್ತಿ ಮುಟ್ಟಬೇಡಿ.”

“ಮುಟ್ಟಲ್ಲ. ಇವಳಿಗೆ ಕೊಡ್ತೀನಿ.”

“ಹುಡುಗಿ ಕೈಗೆ ಕತ್ತಿಯೇ? ಬೀದಿ ನಗುತ್ತೆ.”

“ನಗ್ಲಿ ಬಿಡಿ,” ಎಂದಳು ಒಡೀಲ್. “ಪುಸ್ತಕ ತರೋರು ಸಾಕ್ಷಿ ನೋಡ್ತಾರೆ, ಲಂಗ ಅಲ್ಲ.”

ಡಾಕ್ಟರು ಪುಸ್ತಕ ತೆಗೆದುಕೊಂಡು ಹೋದರು. ಮತ್ತೆ ಆ ಅಂಗಡಿಗೆ ಬರಲಿಲ್ಲ. ಮುಂದಿನ ಸೋಮವಾರ ಒಡೀಲ್ ಶಾಲಾಪುಸ್ತಕವೊಂದರ ಅಂಚು ಕತ್ತರಿಸಿದಳು. ಅದರಲ್ಲೂ ಒಂದು ಮೂಲೆ ಮಡಿಸಿದ್ದಳು.