ಕಸುಬು ನಿಂತವರ ಕಣ್ಣು

ಕಮಲಾಪುರದ ಪುತಳಾಬಾಯಿ ಕೌದಿ ಹೊಲಿಯುವುದರಲ್ಲಿ ಹೆಸರು ಮಾಡಿದವಳು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೂ ಅವಳ ಹೊಲಿಗೆ ನಿಂತಿರಲಿಲ್ಲ. ಪಕ್ಕದ ಅಂಗಡಿಯ ಟೇಲರ್ ಗುಲಾಮ್ ರಸೂಲ್ ದಿನಾ ಬೆಳಿಗ್ಗೆ ತನ್ನ ಮಶೀನು ಮುಟ್ಟುವ ಮೊದಲು ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ, ಹಳೇ ದಿಂಬಿಗೆ ಸಿಕ್ಕಿಸಿ ಹೋಗುತ್ತಿದ್ದ. ಮುಂದಿನದು ಅವಳ ಬೆರಳುಗಳಿಗೆ ಗೊತ್ತಿತ್ತು.

ಆ ವರ್ಷ ಕಣ್ಣೊಳಗೇ ಕೂರಿಸುವ ಹೊಸ ಲೆನ್ಸ್ ಕಲಬುರಗಿಗೂ ಬಂತು. ಕೈಕಸುಬಿನವರ ಸರಕಾರಿ ವಿಮೆಯಲ್ಲಿ ಹಳೇ ಆಪರೇಶನ್ನು, ಸೋಡಾ ಬಾಟ್ಲಿ ತಳದಂಥ ಕನ್ನಡಕ ಎಲ್ಲರಿಗೂ ಪುಕ್ಕಟೆ. ದುಬಾರಿ ಲೆನ್ಸ್ ಮಾತ್ರ ಕಣ್ಣಿನಿಂದಾಗಿ ಕಸುಬು ನಿಂತವರಿಗಷ್ಟೇ ಎಂದು ವಿಮೆಯ ಕಮಿಟಿ ತೀರ್ಮಾನಿಸಿತ್ತು. ಆ ಕನ್ನಡಕ ಹಾಕಿಕೊಂಡ ಪುತಳಾಬಾಯಿಯ ಅಕ್ಕ ಅಳತೆ ತಿಳಿಯದೆ ತಂಬಿಗೆಗೆ ಹಾಕಬೇಕಾದ ನೀರನ್ನು ನೆಲಕ್ಕೆ ಸುರಿಯುತ್ತಿದ್ದಳು. ಹಾಗಾಗಿ ಇವಳು ಲೆನ್ಸಿಗೇ ಅರ್ಜಿ ಹಾಕಿದಳು.

ಕಲಬುರಗಿಯ ಸ್ಟೇಶನ್ ಬಜಾರಿನ ಕಚೇರಿಯಲ್ಲಿ ಕಮಿಟಿಯ ಮುಖ್ಯಸ್ಥ ಅಣವೀರಪ್ಪನವರು ಅವಳ ಕುರ್ಚಿಯನ್ನು ತಾವೇ ಫ್ಯಾನಿನ ಕೆಳಗೆ ಸರಿಸಿದರು.

"ಈಗೂ ಹೊಲೀತೀರೇನ್ರಿ, ಅಮ್ಮಾ?"

"ಹೊಲೀತೀನ್ರಿ. ರಸೂಲ್ ದಾರ ಪೋಣಿಸಿ ಕೊಡ್ತಾನ್ರಿ. ಅಂವ ಇಲ್ಲಾಂದ್ರ ಎಂದೋ ನಿಂತು ಹೋಗ್ತಿತ್ತು."

ಅಣವೀರಪ್ಪನವರು ಮೆಚ್ಚಿ ತಲೆಯಾಡಿಸಿದರು. ಆಮೇಲೆ, ಕಸುಬು ನಿಂತಿಲ್ಲವೆಂದು ಬರೆದು ಅರ್ಜಿಯನ್ನು ತಿರಸ್ಕರಿಸಿದರು.

ಸುದ್ದಿ ಕೇಳಿ ರಸೂಲ್ ಹಣೆ ಬಡಿದುಕೊಂಡ. "ಅರೆ, ನನ್ನ ಹೆಸರ ಯಾಕ ಹೇಳಿದಿ, ಅಮ್ಮಾ?"

"ಮತ್ತ, ಉಪಕಾರ ಮಾಡಿದವನ ಹೆಸರ ನುಂಗಲೇನು?"

ಮುಂದಿನ ತಿಂಗಳ ಸಭೆಗೆ ಅವನೇ ಅವಳನ್ನು ಕರೆದುಕೊಂಡು ಹೋದ. ತುಟಿ ಬಿಚ್ಚಬ್ಯಾಡ ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ.

"ನಾ ಇನ್ನ ದಾರ ಪೋಣಿಸಂಗಿಲ್ರಿ, ಸಾಹೇಬ್ರ. ನಮ್ಮಿಬ್ಬರಿಗಿ ಜಗಳ ಆಗ್ಯಾದ."

"ಯಾತಕ್ಕ?" ಎಂದರು ಅಣವೀರಪ್ಪನವರು.

ರಸೂಲ್ ಅಲ್ಲಿಯವರೆಗೆ ಯೋಚಿಸಿರಲಿಲ್ಲ. "ಅದೂ... ಇವರ ಹೊಲಿಗಿ ಸೊಟ್ಟ ಇರ್ತದ್ರಿ."

ಪುತಳಾಬಾಯಿ ಎದ್ದೇ ನಿಂತಳು. ಇದು ನಾಟಕವೆಂಬುದು ಮರೆತೇಹೋಗಿತ್ತು. "ಯಾರ್ದು ಸೊಟ್ಟ? ನಿನ್ನ ಮಗಳ ಲಗ್ನದಾಗ ನನ್ನ ಕೌದಿ ನೋಡಿ ಬೀಗರು ಬೆರಗಾದ್ರು, ಆಗ ನಿನ್ನ ಬಾಯಿಗಿ ಏನಾಗಿತ್ತು? ನೀ ಹೊಲಿದ ಪಾಯಿಜಾಮಾ ಒಂದ ಕಾಲು ಉದ್ದ, ಒಂದ ಕಾಲು ಗಿಡ್ಡ!"

ಅಣವೀರಪ್ಪನವರು ನಗುವನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಸಹಿ ಹಾಕಿದರು. "ಒಂದ ಕಣ್ಣಿಗಿ ಲೆನ್ಸ್ ಮಂಜೂರ. ಆದ್ರ ಆಪರೇಶನ್ ಆಗೂ ತನಕ ರಾಜಿ ಆಗಬ್ಯಾಡ್ರಿ ಮತ್ತ."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಮುಖ ಉಬ್ಬಿಸಿಕೊಂಡು ಕುಳಿತಳು, ಅವನು ಹಿಂದೆ. ಕಮಲಾಪುರದಲ್ಲಿ ಇಳಿಯುವಾಗ ಮೆಟ್ಟಿಲು ಕಾಣದೆ ತಡವರಿಸಿದಳು. ಕೆಳಗಿನಿಂದ ರಸೂಲ್ ಕೈ ಚಾಚಿದ.

"ಕಮಿಟಿಯವರು ಯಾರರ ಅದಾರೇನು, ನೋಡು."

ಅವನು ಆಚೀಚೆ ನೋಡಿದ. "ಯಾರೂ ಇಲ್ಲಮ್ಮಾ."

ಆಗ ಅವಳು ಕೈ ಹಿಡಿದಳು.