ಎಂಜಿನ್ ನಿಲ್ಲಿಸಿ ರೇಡಿಯೊ ಹಾಕಿದ ನನ್ನ ಮೈದುನ

ನಮ್ಮೂರಿಗೆಲ್ಲ ಇರುವುದು ಒಂದೇ ಕಾರು. ನನ್ನ ಮೈದುನ ಮುಡೆಂಡನದು. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳು ಲುಯಾಂಡೊಗೆ ಸೋಮವಾರ ಬೆಳಿಗ್ಗೆ ನೋವು ಶುರುವಾಯಿತು. ಮುಡೆಂಡ ಕೀಲಿ ತಿರುಗಿಸಿದ. ಕಾರು ಟಕ್ ಎಂದು ಸುಮ್ಮನಾಯಿತು.

"ತಳ್ರೋ!" ಎಂದು ಕೂಗಿದ. ಕಾರು ನಿಂತರೆ ನಮ್ಮ ಗಂಡಸರ ಬಾಯಿಗೆ ಬರುವುದು ಅದೊಂದೇ ಮಾತು. ಹನ್ನೊಂದು ಜನ ಶಾಲೆಯವರೆಗೆ ತಳ್ಳಿದರು, ವಾಪಸ್ಸೂ ತಳ್ಳಿದರು. ಇತ್ತ ಬಾಗಿಲಲ್ಲಿ ನನ್ನ ಮಗಳು ಹಲ್ಲು ಕಚ್ಚಿಕೊಂಡು ಒದ್ದಾಡುತ್ತಿದ್ದಳು. ಒಂದು ತಾಸು ಹಾಳಾಯಿತು.

ಸುದ್ದಿ ಕೇಳಿ ಹಿಟ್ಟಿನ ಗಿರಣಿಯ ಚೀಲೊ ಗಿರಣಿ ಎಂಜಿನ್ನಿನ ಬ್ಯಾಟರಿಯನ್ನೇ, ಜೊತೆಗೆ ಎರಡು ದಪ್ಪ ತಂತಿಗಳನ್ನು, ಕೈಗಾಡಿಯಲ್ಲಿ ಹೇರಿಕೊಂಡು ಬಂದಳು. ನಮ್ಮ ಕಡೆಯ ಪದ್ಧತಿಯಂತೆ ಅವಳ ಕುಲಕ್ಕೂ ಮುಡೆಂಡನ ಕುಲಕ್ಕೂ ತಮಾಷೆಯ ಬೈಗುಳದ ನಂಟು. ಅವಳು ಬೈದರೆ ಇವನು ಮುನಿಸಿಕೊಳ್ಳುವಂತಿಲ್ಲ. ಇವನು ಸತ್ತರೆ ಹೂಳುವವರೂ ಅವಳ ಕುಲದವರೇ.

"ಲೋ ಕತ್ತೆ, ಇದು ನಿನ್ನ ಹಳೇ ಗೇರ್ ಗಾಡಿ ಅಲ್ಲ ಕಣೋ, ಆಟೊಮ್ಯಾಟಿಕ್ಕು! ರಾಜಧಾನಿ ಲುಸಾಕಾವರೆಗೆ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ."

"ಬ್ಯಾಟರಿ ಅಂಗಡಿಯವನು ಮೋಸ ಮಾಡ್ದ ಚೀಲೊ. ತಂದು ಎಂಟು ತಿಂಗಳೂ ಆಗಿಲ್ಲ."

"ಅವನ್ನ ಯಾಕೆ ಬೈತೀಯ? ನಿನ್ನೆ ಮಧ್ಯಾಹ್ನವೆಲ್ಲ ಊರ ಗಂಡಸರಿಗೆ ಫುಟ್‌ಬಾಲ್ ಕೇಳಿಸಿದ್ಯಲ್ಲ, ಎಂಜಿನ್ ಓಡ್ತಿತ್ತಾ?"

"ಪೆಟ್ರೋಲ್ ದಂಡ ಅಲ್ವಾ? ಬರೀ ರೇಡಿಯೊ ತಾನೇ..."

"ಬರೀ ರೇಡಿಯೊ ಅಂತೆ! ಜೊತೆಗೆ ಆರು ಫೋನು ಚಾರ್ಜಿಗೆ. ಡೋರ್ ಸರಿಯಾಗಿ ಹಾಕಿಲ್ಲ, ಒಳಗಿನ ದೀಪ ಬೆಳಗಿನವರೆಗೂ ಉರಿದಿದೆ. ಎಂಜಿನ್ ಓಡಿದ್ರೆ ಬ್ಯಾಟರಿ ತುಂಬುತ್ತೆ, ನಿಂತ್ರೆ ಬರೀ ಖಾಲಿ ಆಗುತ್ತೆ. ಮನೆಯಿಂದ ಚರ್ಚಿಗೆ ಹೋಗಿ ಬಂದ್ರೂ ತುಂಬಲ್ಲ, ಅರ್ಧ ಮುಕ್ಕಾಲು ಗಂಟೆ ಓಡಬೇಕು. ಇಲ್ನೋಡು, ತಂತಿ ಕಚ್ಚೋ ಜಾಗದಲ್ಲೆಲ್ಲ ಕಿಲುಬು! ಕರೆಂಟ್ ಹೇಗೋ ಹರಿಯುತ್ತೆ? ನಿನ್ನ ಹೂಳೋ ಕೆಲಸ ಹೆಂಗೂ ನಂದೇ, ಇವತ್ತೇ ಮುಗಿಸ್ಲಾ?"

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

ಚೀಲೊ ಕಿಲುಬು ಉಜ್ಜಿ ತೆಗೆದಳು. ಕೆಂಪು ತಂತಿಯನ್ನು ಎರಡೂ ಬ್ಯಾಟರಿಯ ಪ್ಲಸ್ಸಿಗೆ ಕಟ್ಟಿದಳು. ಕಪ್ಪು ತಂತಿಯ ಒಂದು ತುದಿ ತನ್ನ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾರಿನ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಕಾರು ಸ್ಟಾರ್ಟ್ ಆಯಿತು.

ಆದರೆ ಹೋದ ತಾಸು ವಾಪಸ್ ಬರುತ್ತದೆಯೇ? ಆಸ್ಪತ್ರೆಗೆ ಇನ್ನೂ ಆರು ಕಿಲೋಮೀಟರ್ ಇರುವಾಗ ಕಾರಿನಲ್ಲೇ ಹೆರಿಗೆಯಾಯಿತು. ಸೀಟೆಲ್ಲ ರಕ್ತ. ಎರಡು ದಿನ ಲುಯಾಂಡೊ ಕಣ್ಣು ಬಿಡಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು, ದೇವರು ದೊಡ್ಡವನು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ಈಗ ಚಾರ್ಜಿಗೆಂದು ಫೋನು ತಂದವರನ್ನು ಮುಡೆಂಡ ಬಾಗಿಲಿಂದಲೇ ಅಟ್ಟುತ್ತಾನೆ. "ಚೀಲೊ ಹೇಳಿದ್ದು ಸರಿ ಅತ್ತಿಗೆ, ಈಗ ನಂಬ್ದೆ" ಎಂದ.

"ನಂಬೋಕೆ ನನ್ನ ಮಗಳ ರಕ್ತ ಬೇಕಿತ್ತೇನೋ ನಿಂಗೆ?" ಎಂದೆ.

ಕಾರಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಹೇಳುತ್ತಿದ್ದೇನೆ. ಎಂಜಿನ್ ನಿಲ್ಲಿಸಿದ ಮೇಲೆ ದೀಪ, ರೇಡಿಯೊ, ಚಾರ್ಜರ್ ಎಲ್ಲ ಆರಿಸಿ. ತಿಂಗಳಿಗೊಮ್ಮೆ ಬ್ಯಾಟರಿಯ ತುದಿಗಳನ್ನು ನೋಡಿ, ಸಡಿಲವಿದ್ದರೆ ಬಿಗಿ ಮಾಡಿಸಿ. ಸ್ಟಾರ್ಟ್ ಆಗಲು ಕಾರು ತಿಣುಕಿದರೆ ಅವತ್ತೇ ಮೆಕ್ಯಾನಿಕ್‌ಗೆ ತೋರಿಸಿ, ನಾಳೆ ಎನ್ನಬೇಡಿ. ನಿಮ್ಮ ಮನೆಯಲ್ಲೂ ಬಸುರಿಯರಿದ್ದಾರೆ, ಮಕ್ಕಳಿದ್ದಾರೆ, ಮುದುಕರಿದ್ದಾರೆ. ಇದನ್ನು ಓದುತ್ತಾ ಕೂರಬೇಡಿ. ಏಳಿ, ಹೋಗಿ ನಿಮ್ಮ ಕಾರು ನೋಡಿ ಬನ್ನಿ.