ಖಾಲಿ ಬಟ್ಟಲಿನ ಸದ್ದು

ಆ ಬೇಸಿಗೆಯಲ್ಲಿ ಟೊಕುಜಿಯ ತಾಯಿ ಯೊನೆ ಬಟ್ಟಲಿಗೆ ಕಡ್ಡಿ ತಟ್ಟುವುದನ್ನು ಕಲಿತಳು. ಎಂಬತ್ತರ ಹತ್ತಿರದ ಮುದುಕಿ ಹೊಸದೇನನ್ನಾದರೂ ಕಲಿತರೆ ಮನೆಯವರು ಸಂತೋಷಪಡಬೇಕು. ಇದು ಸಂತೋಷಪಡುವಂಥದ್ದಲ್ಲ. ಉಂಡು ಮುಗಿಸಿದ ಬಟ್ಟಲನ್ನು ಮುಂದಿಟ್ಟುಕೊಂಡು, ಊಟದ ಕಡ್ಡಿಯಿಂದ ಅದರ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತಾ ಕೂರುತ್ತಿದ್ದಳು. ಜಪಾನಿನ ಇವಾತೆ ಸೀಮೆಯ ಬೆಟ್ಟದೂರುಗಳಲ್ಲಿ ಮಕ್ಕಳು ಹಾಗೆ ತಟ್ಟಿದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಆ ಸದ್ದು ಕೇಳಿ ಹಸಿದ ಪ್ರೇತಗಳು ಬರುತ್ತವಂತೆ. ಅವಕ್ಕೆ ಗುಡಾಣದಂಥ ಹೊಟ್ಟೆ, ಸೂಜಿಯ ಕಣ್ಣಿನಂಥ ಗಂಟಲು. ಎಷ್ಟು ಕೊಟ್ಟರೂ ಹಸಿವು ಹಿಂಗುವುದಿಲ್ಲ.

“ನಂಗಿನ್ನೂ ಊಟ ಹಾಕಿಲ್ವಲ್ಲೋ ಟೊಕು,” ಎನ್ನುತ್ತಿದ್ದಳು ಯೊನೆ.

“ಈಗ ತಾನೆ ಉಂಡ್ಯಲ್ಲಮ್ಮ. ಮೀನು ತಿಂದೆ, ಅನ್ನ ತಿಂದೆ, ಸಾರು ಕುಡಿದೆ.”

“ತಿಂದಿದ್ರೆ ನನ್ನ ಹೊಟ್ಟೆಗೆ ಗೊತ್ತಾಗಲ್ವಾ? ನಿನ್ನ ಹೆಂಡ್ತಿ ಬಡಿಸೋ ಅನ್ನ ಗುಬ್ಬಚ್ಚಿಗೂ ಸಾಲಲ್ಲ.”

ಸೊಸೆ ಸೆತ್ಸು ನಕ್ಕು ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು. ಅಡುಗೆಮನೆ ಸೇರಿದ ಮೇಲೆ ಆ ನಗು ಉಳಿಯುತ್ತಿರಲಿಲ್ಲ. ಮುದುಕಿಗೆ ಸಕ್ಕರೆ ಕಾಯಿಲೆ. ಬಾಯಿ ಕಟ್ಟದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರು. ತಾಯಿಯನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ಟೊಕುಜಿಯ ತಲೆಯಲ್ಲಿತ್ತು. ಅದಕ್ಕಾಗಿ ಅವಳನ್ನು ಹಸಿವಿನಲ್ಲಿಡಬೇಕಾಗಿತ್ತು.

ಹಸಿವಿನಲ್ಲಿಡುವ ಕೆಲಸ ಅವನಿಗೆ ಹೊಸದಲ್ಲ. ಕಣಿವೆಯ ಕೋಳಿ ತಳಿ ಸಂಶೋಧನಾ ಕೇಂದ್ರದಲ್ಲಿ ಅವನು ತಳಿ ಆರಿಸುವವನು. ಮರಿಗಳಿಗೆ ಮೊದಲ ವಾರಗಳಲ್ಲಿ ತಿಂದಷ್ಟೂ ಫೀಡು. ಆಮೇಲೆ ಒಂದೊಂದನ್ನೇ ತೂಕ ಮಾಡಿ, ಎದೆಯ ಮೇಲೆ ಹೆಬ್ಬೆರಳು ಆಡಿಸಿ, ಯಾವುದು ಎಲ್ಲಕ್ಕಿಂತ ಬೇಗ ತಿಂದು ಬೇಗ ಬೆಳೆದಿದೆಯೋ ಅದನ್ನು ಮಾತ್ರ ಇಟ್ಟುಕೊಳ್ಳುವುದು. ಅದರ ಮಕ್ಕಳಲ್ಲೂ ಹಾಗೆಯೇ, ಮೊಮ್ಮಕ್ಕಳಲ್ಲೂ ಹಾಗೆಯೇ. ನೆಟ್ಟಗೆ ಹೇಳುವುದಾದರೆ ಹೊಟ್ಟೆಬಾಕರಲ್ಲೇ ಹೊಟ್ಟೆಬಾಕರನ್ನು ಹುಡುಕುವ ಕೆಲಸ. ಟೊಕುಜಿಯ ಕೈ ತಪ್ಪುವುದಿಲ್ಲ ಎಂದು ಹೆಸರಿತ್ತು. ಅವನು ಆರಿಸಿದ ಹುಂಜಗಳ ಸಂತತಿಯನ್ನು ಟೋಕಿಯೋದವರು ಹಬ್ಬಕ್ಕೆ ಹುರಿದು ತಿನ್ನುತ್ತಿದ್ದರು.

ಆದರೆ ಆರಿಸಿಕೊಂಡವುಗಳ ಹಣೆಬರಹ ಕೇಳಬಾರದು. ಅವು ಬದುಕಿ ಮೊಟ್ಟೆ ಇಡಬೇಕಲ್ಲ. ಬೇಕಾದಷ್ಟು ತಿನ್ನಲು ಬಿಟ್ಟರೆ ಮೈ ಬಂದು ಕಾಲು ಮುರಿಯುತ್ತದೆ, ಎದೆಬಡಿತ ನಿಂತುಹೋಗುತ್ತದೆ. ಹಾಗಾಗಿ ಆರಿಸಿದ ದಿನದಿಂದಲೇ ಅವುಗಳ ಬಾಯಿ ಕಟ್ಟುತ್ತಾರೆ. ಒಂದು ದಿನ ಫೀಡು, ಮಾರನೆಯ ದಿನ ಬರೀ ನೀರು. ಎಲ್ಲರಿಗಿಂತ ಹೆಚ್ಚು ಹಸಿಯುವ ಜೀವಗಳನ್ನು ಹುಡುಕಿ ಹುಡುಕಿ, ಅವಕ್ಕೇ ಉಪವಾಸ ಹಾಕುವುದು. ಬರೀ ನೀರಿನ ದಿನ ಶೆಡ್ಡಿನಲ್ಲಿ ಸಾವಿರಾರು ಕೊಕ್ಕುಗಳು ಖಾಲಿ ತಗಡಿನ ತೊಟ್ಟಿಗೆ ಬಡಿಯುತ್ತವೆ. ಟಕ್ ಟಕ್ ಟಕ್ ಟಕ್.

ಆ ಸದ್ದು ಟೊಕುಜಿಗೆ ಎಷ್ಟೋ ವರ್ಷಗಳಿಂದ ಮಳೆಯ ಸದ್ದಿನಷ್ಟೇ ಸಾಮಾನ್ಯವಾಗಿತ್ತು. ತಾಯಿ ಬಟ್ಟಲು ತಟ್ಟತೊಡಗಿದ ಮೇಲೆ ಹಾಗಿರಲಿಲ್ಲ. ಅವನ ಮನೆ ಶೆಡ್ಡುಗಳ ಹಿಂದೆಯೇ ಇದ್ದ ಕ್ವಾರ್ಟರ್ಸು. ಊಟದ ಹೊತ್ತಿಗೆ ಒಳಗಿನಿಂದ ಒಂದು ಟಕ್ ಟಕ್, ಹೊರಗಿನಿಂದ ಸಾವಿರ ಟಕ್ ಟಕ್. ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ಪಟ್ಟಣಕ್ಕೆ ಹೋಗಿ ಬಸ್ಸಿನಲ್ಲಿ ಕೂತರೂ ಕೇಳುತ್ತಿತ್ತು. ಅವನಿಗೆ ಹೆದರಿಕೆಯಾಗತೊಡಗಿತು.

“ಯಾರೋ ಕರೀತಿದಾರೆ ಕಣೋ,” ಯೊನೆ ಒಮ್ಮೆ ಕಡ್ಡಿ ನಿಲ್ಲಿಸಿ ಕಿವಿಗೊಟ್ಟಳು. “ಅಲ್ಲಿ ಯಾರೋ ಹಸ್ಕೊಂಡಿದಾರೆ.”

“ಕೋಳಿಗಳಮ್ಮ.”

“ಕೋಳಿಗಾದ್ರೆ ನಾಲ್ಕು ಕಾಳು ಹಾಕಬಾರ್ದಾ?”

“ಹಾಕಿದ್ರೆ ಸತ್ತೋಗ್ತವೆ.”

ಯೊನೆ ಮಗನ ಮುಖವನ್ನೇ ನೋಡಿದಳು. “ಉಣ್ಣಕ್ಕಿಟ್ರೆ ಸಾಯ್ತಾರಾ? ಇಡ್ದೇ ಇದ್ದಿದ್ದಕ್ಕೆ ಸತ್ತೋರ್ನ ನಾನು ನೋಡಿದೀನಪ್ಪ.”

ಅವನು ಎದ್ದು ಹೋದ. ಅವಳು ಯಾರ ಮಾತು ಎತ್ತಿದಳೆಂದು ಅವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಐವತ್ತು ವರ್ಷಗಳಿಂದ ಯಾರೂ ಆ ಹೆಸರು ಎತ್ತಿರಲಿಲ್ಲ.

ಟೊಕುಜಿಗೊಬ್ಬಳು ತಂಗಿಯಿದ್ದಳು, ಕಿನು. ಒಂದು ವರ್ಷ ಬೇಸಿಗೆಯೇ ಬರಲಿಲ್ಲ. ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ಬೀಸಿ ಭತ್ತ ಕಾಳು ಕಟ್ಟದೆ ಹೋಯಿತು. ಬೆಟ್ಟದೂರಿನವರು ಊದಲು, ಕಾಡಿನ ಕಾಯಿ, ಕೊನೆಗೆ ಬೇರು ಬೇಯಿಸಿ ತಿಂದರು. ಯೊನೆ ಗಂಜಿ ಬಡಿಸುವಾಗ ಟೊಕುಜಿ ಬಟ್ಟಲಿಗೆ ಕಡ್ಡಿ ಬಡಿದು ಅರಚುತ್ತಿದ್ದ. ಕಿನು ಸುಮ್ಮನೆ ಕೂತಿರುತ್ತಿದ್ದಳು. ಗಡಿಗೆಯ ತಳದ ಗಟ್ಟಿ ಗಂಜಿ ತಟ್ಟಿದವನ ಬಟ್ಟಲಿಗೆ ಬಿತ್ತು, ಮೇಲಿನ ತಿಳಿನೀರು ಸುಮ್ಮನಿದ್ದವಳಿಗೆ. ಇವನು ಉಳಿದರೆ ಮನೆ ಉಳಿಯುತ್ತದೆ ಎಂದು ತಾಯಿ ಲೆಕ್ಕ ಹಾಕಿದಳೋ, ಅರಚಾಟ ತಾಳಲಾರದೆ ಹಾಕಿದಳೋ, ಯಾರಿಗೆ ಗೊತ್ತು. ಹಿಮ ಬೀಳುವ ಮೊದಲೇ ಕಿನು ಹೋದಳು. ಆಮೇಲೆ ಟೊಕುಜಿ ಬಟ್ಟಲು ತಟ್ಟಿದ ದಿನವೇ ಅವನ ಬೆನ್ನಿಗೆ ಮೊದಲ ಗುದ್ದು ಬಿದ್ದದ್ದು.

ಪಿತೃಗಳು ಮನೆಗೆ ಬಂದುಹೋಗುವ ಬೋನ್ ಹಬ್ಬ ಬಂತು. ಊರ ದೇವಸ್ಥಾನದಲ್ಲಿ ಯಾರೂ ದಿಕ್ಕಿಲ್ಲದ ಹಸಿದ ಪ್ರೇತಗಳಿಗೂ ಅನ್ನ ನೀರು ಇಡುತ್ತಾರೆ. ಸಂಶೋಧನಾ ಕೇಂದ್ರದವರೂ ಹೋಗಿ, ತಾವು ಕೊಂದ ಕೋಳಿಗಳ ಹೆಸರಿನಲ್ಲಿ ಒಂದು ಊದುಬತ್ತಿ ಹಚ್ಚುವುದು ವಾಡಿಕೆ. ಮುಖ್ಯಸ್ಥ ಹತಾಕೆಯಾಮ ಬೆವರೊರೆಸಿಕೊಳ್ಳುತ್ತಾ ಟೊಕುಜಿಯ ಕಿವಿಯಲ್ಲಿ ಹೇಳಿದ, “ನಮ್ಮ ಕೋಳಿಗಳೆಲ್ಲ ಪ್ರೇತವಾಗಿ ಬಂದ್ರೆ ಈ ಅನ್ನ ಯಾವ ಮೂಲೆಗೂ ಸಾಲಲ್ಲ ಟೊಕುಜಿ-ಸಾನ್. ಮೊದ್ಲು ನಿಮ್ಮನ್ನೇ ತಿಂತವೆ.”

ಬೇರೆ ದಿನವಾಗಿದ್ದರೆ ಟೊಕುಜಿ ನಗುತ್ತಿದ್ದ. ಪಕ್ಕದಲ್ಲಿ ತಾಯಿ, ಭಿಕ್ಷು ಎರಚುತ್ತಿದ್ದ ಅಕ್ಕಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಕಿನುಗೆ ಸಿಕ್ತಾ?” ಎಂದು ಕೇಳಿದಳು.

“ಸಿಕ್ತಮ್ಮ.”

“ಸುಳ್ಳು. ಅವ್ಳು ಕೇಳೋಳಲ್ಲ. ಕೇಳ್ದಿದ್ರೆ ಯಾರು ಕೊಡ್ತಾರೆ?”

ಮಾರನೆಯ ದಿನ ಕೋಳಿಗಳಿಗೆ ಬರೀ ನೀರಿನ ದಿನ. ಹಬ್ಬವೆಂದು ಕೆಲಸದವರೆಲ್ಲ ಊರಿಗೆ ಹೋಗಿದ್ದರು. ನೀರು ನೋಡಿಕೊಂಡು ಬಂದ ಟೊಕುಜಿ ಮಧ್ಯಾಹ್ನ ಜಗಲಿಯಲ್ಲಿ ಮೈಚಾಚಿದ. ಸೆತ್ಸು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶೆಡ್ಡಿನ ಸದ್ದು ಕೇಳುತ್ತಾ ಕೇಳುತ್ತಾ ಅವನಿಗೆ ಜೊಂಪು ಹತ್ತಿತು.

ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಬರೀ ನೀರಿನ ದಿನ ಶೆಡ್ಡು ಸುಮ್ಮನಿರುವುದನ್ನು ಅವನು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಎದ್ದು ಒಳಗೆ ನೋಡಿದ. ತಾಯಿಯ ಹಾಸಿಗೆ ಖಾಲಿ.

ದೊಡ್ಡ ಶೆಡ್ಡಿನ ಬಾಗಿಲ ಮುಂದೆ ಅವಳ ಚಪ್ಪಲಿ ಇತ್ತು, ನೆಂಟರ ಮನೆಗೆ ಬಂದವರು ಬಿಡುವ ಹಾಗೆ ಜೋಡಿಸಿ, ಮುಖ ಹೊರಗೆ ಮಾಡಿ. ಒಳಗೆ ಕುಡುಗೋಲಿನಿಂದ ಸೀಳಿದ ಚೀಲಗಳಿಂದ ಫೀಡು ನೆಲದ ತುಂಬ ಚೆಲ್ಲಿತ್ತು. ಮೊದಲ ಚೀಲ ಬಿದ್ದ ಮೂಲೆಯಲ್ಲಿ ಕೋಳಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ರಾಶಿಯಾಗಿದ್ದವು. ಇನ್ನು ಕೆಲವು, ಕತ್ತಿನ ಕೆಳಗಿನ ಚೀಲ ಕಲ್ಲಿನಂತೆ ಉಬ್ಬಿ, ಬಾಯಿ ತೆರೆದು ಕೂತಿದ್ದವು. ಸಾಯುತ್ತಿದ್ದಾಗಲೂ ಒಂದು ಹುಂಜ ಕತ್ತು ಚಾಚಿ ಕುಕ್ಕಿತು. ನಡುವೆ ಯೊನೆ ಕಾಲು ಮಡಿಚಿ ಕೂತಿದ್ದಳು. ಮಡಿಲಲ್ಲಿ ಒಂದು ಬಿಳಿ ಹೇಂಟೆ, ಅದರ ತಲೆ ಜೋತುಬಿದ್ದಿತ್ತು.

“ಮೆತ್ತಗೆ ಮಾತಾಡೋ,” ಎಂದಳು. “ಕಿನು ಮಲಗಿದಾಳೆ. ಹೊಟ್ಟೆ ತುಂಬ ತಿಂದ್ಲು ಕಣೋ. ಅವಳೇ ಕೇಳಿ ತಿಂದ್ಲು.”

ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಟೊಕುಜಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವನಿಗೆ ಅಳು ಬಂತು.

ಹತಾಕೆಯಾಮ ಬಂದವನು ಮುದುಕಿಗೆ ಒಂದು ಮಾತೂ ಅನ್ನಲಿಲ್ಲ. ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಸತ್ತವನ್ನು ಹೊರಗೆ ಹಾಕಿದರು. ಮೊದಲು ಓಡಿ ಬಂದವು ಮೊದಲು ಸತ್ತಿದ್ದವು. ಅಂದರೆ ಟೊಕುಜಿಯ ಕೈ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದವು. ಬದುಕಿದ್ದವು ಹಿಂದೆ ಉಳಿದವು, ನೂಕುನುಗ್ಗಲಿಗೆ ಹೆದರಿ ಗೋಡೆಗೆ ಒತ್ತಿಕೊಂಡು ನಿಂತವು.

“ಇವುಗಳಿಂದ್ಲೇ ಮತ್ತೆ ಶುರು ಮಾಡ್ಬೇಕು,” ಎಂದ ಹತಾಕೆಯಾಮ. “ಇನ್ನೇನ್ ಮಾಡೋದು ಟೊಕುಜಿ-ಸಾನ್.”

ಟೊಕುಜಿ ಒಂದನ್ನು ಎತ್ತಿಕೊಂಡ. ಹೆಬ್ಬೆರಳಿಗೆ ಕಿರಿದಾದ ಎದೆ, ಬೆಳೆಯದ ಮೂಳೆ ಸಿಕ್ಕಿತು. ಅವನಿಗೆ ಅರಿವಾಗುವ ಮೊದಲೇ ಅವನ ಕೈ ಅದನ್ನು, ತಳಿ ಆರಿಸುವಾಗ ಬೇಡದವನ್ನು ಹಾಕುವ ಬುಟ್ಟಿಯ ಕಡೆ ಒಯ್ದಿತ್ತು. ಹೀಗೆ ಆರಿಸುವುದನ್ನು ಆ ಕೈ ಗಂಜಿ ಬಡಿಸುತ್ತಿದ್ದ ತಾಯಿಯ ಸೌಟಿನಿಂದ ಕಲಿತಿತ್ತೆಂದು ಅವನಿಗೆ ಈಗ ಹೊಳೆಯಿತು. ಕೋಳಿಯನ್ನು ನೆಲಕ್ಕೆ ಬಿಟ್ಟ. ಅದು ಓಡಿಹೋಗದೆ ಅವನ ಕಾಲ ಬಳಿಯೇ ಸುಮ್ಮನೆ ನಿಂತಿತು.

ಅಂದಿನಿಂದ ಯೊನೆ ಊಟ ಕೇಳಲಿಲ್ಲ.

ಮೊದಲ ದಿನ ಸೆತ್ಸು ಸಮಾಧಾನಪಟ್ಟಳು. ಆಮೇಲೆ ತಾನೇ ಒಂದು ಸೌಟು ಹೆಚ್ಚು ಬಡಿಸಿದಳು. ಮುದುಕಿ ಬಟ್ಟಲನ್ನು ಮೆಲ್ಲಗೆ ಮುಂದೆ ತಳ್ಳಿ, “ನಂಗೆ ಸಾಕಾಯ್ತಮ್ಮ, ಊಟ ಆಯ್ತಲ್ಲ,” ಎನ್ನುತ್ತಿದ್ದಳು. ಮೀನು ಬೇಡ, ಸಾರು ಬೇಡ. ವೈದ್ಯರು ಬಂದು, ಈಗ ಸಕ್ಕರೆಯ ಯೋಚನೆ ಬಿಡಿ, ಏನು ಕೇಳಿದರೂ ಕೊಡಿ ಎಂದರು. ಅವಳು ಏನನ್ನೂ ಕೇಳಲಿಲ್ಲ.

“ಒಂದೇ ಒಂದು ತುತ್ತು ತಿನ್ನಮ್ಮ,” ಟೊಕುಜಿ ಅಂಗಲಾಚಿದ. ಅಂಗಡಿಯಿಂದ ಬೇಳೆ ಹೂರಣದ ಸಿಹಿ ತಂದ. ಊದಲು ಹುಡುಕಿ ತಂದು ಗಂಜಿ ಕಾಯಿಸಿ, ತಳದ ಗಟ್ಟಿಯನ್ನೇ ಬಟ್ಟಲಿಗೆ ಹಾಕಿ ಮುಂದಿಟ್ಟ. ಯೊನೆ ಆ ಗಂಜಿಯ ಹಬೆಯನ್ನು ನೋಡಿ ನಕ್ಕಳು.

“ನೀನು ತಿನ್ನೋ. ನಿಂಗೆ ಬಲು ಹಸಿವು.”

ಹೊರಗೆ ಶೆಡ್ಡು ಸುಮ್ಮನಿತ್ತು. ಅವಳ ಹಸಿವನ್ನು ಮತ್ತೆ ಕರೆಯಲು ಟೊಕುಜಿಗೆ ಬೇರೆ ದಾರಿ ಕಾಣಲಿಲ್ಲ. ಕಡ್ಡಿ ಕೈಗೆತ್ತಿಕೊಂಡು, ತಾಯಿಯ ತುಂಬಿದ ಬಟ್ಟಲಿನ ಅಂಚಿಗೆ ತಟ್ಟಿದ. ಬೆನ್ನಿಗೆ ಗುದ್ದು ಬೀಳಲೆಂದು ಕಾದ. ಬೀಳಲಿಲ್ಲ. ಇನ್ನೊಮ್ಮೆ ತಟ್ಟಿದ.